2025ರ ಅಮೆರಿಕನ್ ಲೀಗ್ ಮ್ಯಾನೇಜರ್ ಪ್ರಶಸ್ತಿ: ವೋಗ್ಟ್ ಸರಿಯೋ, ಷ್ನೈಡರ್ ಸರಿಯೋ? (ಜೊತೆಗೆ ನಮ್ಮ ವಾಲಿಬಾಲ್ ಕಪ್ಪಿನ ಪ್ರಶ್ನೆ)

ಮಿರ್ಜಾನ್ ಬದಿ (ಕುಮಟಾ):

ಪ್ರಶ್ನೆ ಎರಡು, ಆದರೆ ಒಂದಕ್ಕೊಂದು ಗಂಟು ಬಿದ್ದಿವೆ.

ಅಮೆರಿಕದ ಬೇಸ್‌ಬಾಲಿನ ಎರಡು ಲೀಗುಗಳಲ್ಲೊಂದಾದ ಅಮೆರಿಕನ್ ಲೀಗಿನ 2025ರ 'ಮ್ಯಾನೇಜರ್ ಆಫ್ ದಿ ಇಯರ್' (ತಂಡದ ಮುಖ್ಯ ತರಬೇತುದಾರರಿಗೆ ಕೊಡುವ ಪ್ರಶಸ್ತಿ) ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್‌ನ ಸ್ಟೀಫನ್ ವೋಗ್ಟ್‌ಗೆ ಹೋಯಿತು. ಮ್ಯಾನೇಜರ್ ಆದ ಮೊದಲ ಎರಡೂ ವರ್ಷ ಅವರಿಗೇ. ಅತ್ತ ಟೊರಾಂಟೊ ಬ್ಲೂ ಜೇಸ್‌ನ ಜಾನ್ ಷ್ನೈಡರ್, 2024ರಲ್ಲಿ 74 ಗೆದ್ದು 88 ಸೋತು ಡಿವಿಷನ್ನಿನ (ಲೀಗಿನೊಳಗಿನ ಐದು ತಂಡಗಳ ಗುಂಪಿನ) ತಳದಲ್ಲಿದ್ದ ತಂಡವನ್ನು ಮರುವರ್ಷ 94–68ಕ್ಕೆ ತಂದರು, ಡಿವಿಷನ್ ಗೆಲ್ಲಿಸಿದರು, ಎರಡೂ ಲೀಗಿನ ವಿಜೇತರ ನಡುವಿನ ಫೈನಲ್ ಆದ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದ 11ನೇ ಇನ್ನಿಂಗ್ಸ್‌ವರೆಗೂ ಒಯ್ದರು. ವೋಗ್ಟ್ ತಂಡ 88–74; ಲೀಗ್ ಹಂತದ ನಂತರದ ನಾಕೌಟ್, ಅಂದರೆ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಡೆಟ್ರಾಯ್ಟ್‌ಗೆ ಸೋತು ಮನೆಗೆ. ಮತ್ತೆಂತಕ್ಕೆ ವೋಗ್ಟ್?

ಎರಡನೆಯದು ಊರಿನದು. ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗೆ ಉತ್ತಮ ಸ್ಮ್ಯಾಷರ್, ಉತ್ತಮ ಲಿಫ್ಟರ್ ಜೊತೆ ಈ ಬಾರಿ 'ಉತ್ತಮ ತರಬೇತುದಾರ' ಬಹುಮಾನವನ್ನೂ ಇಡಬೇಕೆಂದಿದೆ. ಸಮಿತಿಯಲ್ಲಿ ಅರ್ಧ ಜನ 'ಕಪ್ ಗೆದ್ದವರ ಕೋಚಿಗೇ ಕೊಟ್ಟುಬಿಡಿ' ಅಂತಾರೆ. 8 ತಂಡ, ಒಂದೇ ಅಂಕಣ. ಬೇಸ್‌ಬಾಲಿನವರ ಪದ್ಧತಿ ನಮಗೆ ಹೊಂದುತ್ತದೆಯೇ?

ಕೋಡಿಬಾಗ (ಕಾರವಾರ):

ಮೊದಲು ನಿಯಮ ನೋಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಮತ ಹಾಕುವವರು ಅಮೆರಿಕದ ಬೇಸ್‌ಬಾಲ್ ಬರಹಗಾರರ ಸಂಘದವರು. ಲೀಗಿನ ಒಂದೊಂದು ತಂಡದ ಊರಿನಿಂದ ಇಬ್ಬರು; 15 ತಂಡಕ್ಕೆ 30 ಮತಪತ್ರ. ಪ್ರತಿಯೊಬ್ಬರೂ ಮೂರು ಹೆಸರು ಬರೆಯಬೇಕು, ಮೊದಲನೆಯದಕ್ಕೆ 5 ಅಂಕ, ಎರಡನೆಯದಕ್ಕೆ 3, ಮೂರನೆಯದಕ್ಕೆ 1. ಎಲ್ಲರೂ ಒಬ್ಬರನ್ನೇ ಮೇಲಿಟ್ಟರೆ 150. ಮತಪತ್ರ ಪ್ಲೇಆಫ್ ಶುರುವಾಗುವ ಮೊದಲೇ ಒಳಗೆ ಬಿದ್ದಿರಬೇಕು, ಫಲಿತಾಂಶ ಹೊರಬೀಳುವುದು ಮಾತ್ರ ನವೆಂಬರಿನಲ್ಲಿ. ಹಾಗಾಗಿ ಷ್ನೈಡರ್ ಅವರ ಏಳನೇ ಪಂದ್ಯವೂ ಲೆಕ್ಕಕ್ಕಿಲ್ಲ, ವೋಗ್ಟ್ ಡೆಟ್ರಾಯ್ಟ್‌ಗೆ ಸೋತದ್ದೂ ಲೆಕ್ಕಕ್ಕಿಲ್ಲ. ನಾವು ಇದನ್ನು ಚರ್ಚಿಸುವುದೂ ಲೀಗ್ ಹಂತದ 162 ಪಂದ್ಯಗಳ ಮಟ್ಟಿಗೇ ಆಗಬೇಕು.

1983ರಲ್ಲಿ ಶುರುವಾದಾಗಿನಿಂದ ಈ ಪ್ರಶಸ್ತಿಗೂ ಕಪ್ಪಿಗೂ ನಂಟು ಕಡಿಮೆ. ಬ್ರೂಸ್ ಬೋಚಿ ನಾಲ್ಕು ವರ್ಲ್ಡ್ ಸೀರೀಸ್ ಗೆದ್ದರು (2010, 2012, 2014, 2023), ಆದರೆ ಪ್ರಶಸ್ತಿ ಸಿಕ್ಕಿದ್ದು 1996ರಲ್ಲಿ, ಒಮ್ಮೆ. ಡಾಡ್ಜರ್ಸ್‌ನ ಡೇವ್ ರಾಬರ್ಟ್ಸ್‌ಗೆ 2016ರ ನಂತರ ಇಲ್ಲ, ನಡುವೆ 2020, 2024, 2025ರ ಕಪ್ ಬಂದಾಗಿದೆ. ಇನ್ನೊಂದು ತುದಿಗೆ 2006ರ ಜೋ ಜಿರಾರ್ಡಿ: ಫ್ಲೋರಿಡಾ ಮಾರ್ಲಿನ್ಸ್ 78–84, ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, ತಂಡದವರು ಅವರನ್ನು ಕೆಲಸದಿಂದ ತೆಗೆದೂ ಆಗಿತ್ತು, ಆಮೇಲೆ ಪ್ರಶಸ್ತಿ ಬಂತು. ಸೀಸನ್ನಿಗೆ ಮೊದಲು ಮಾರ್ಚಿನಲ್ಲಿ ಪತ್ರಕರ್ತರು ಹಾಕಿದ ಅಂದಾಜು ಎಷ್ಟು ತಪ್ಪಿತೋ ಅಷ್ಟು ಅಂಕ ಮ್ಯಾನೇಜರಿಗೆ ಬೀಳುತ್ತದೆ, ಸ್ವಲ್ಪ ಕುಹಕವಾಗಿ ಹೇಳಿದರೆ.

ವೋಗ್ಟ್ ಗೆದ್ದದ್ದು ಇದೇ ದಾರಿಯಲ್ಲಿ. 2025ರ ಜುಲೈನಲ್ಲಿ ಕ್ಲೀವ್‌ಲ್ಯಾಂಡ್ ತನ್ನ ಡಿವಿಷನ್ನಿನಲ್ಲಿ ಮುಂದಿದ್ದ ಡೆಟ್ರಾಯ್ಟ್‌ಗಿಂತ 15.5 ಪಂದ್ಯ ಹಿಂದಿತ್ತು. (ಗೆಲುವಿನ ವ್ಯತ್ಯಾಸಕ್ಕೆ ಸೋಲಿನ ವ್ಯತ್ಯಾಸ ಕೂಡಿಸಿ ಎರಡರಿಂದ ಭಾಗಿಸಿದರೆ ಈ 'ಪಂದ್ಯ ಹಿಂದೆ' ಬರುತ್ತದೆ.) ಸೆಪ್ಟೆಂಬರ್ ಆರಂಭದಲ್ಲೂ ಅಂತರ 11 ಇತ್ತು. ಆ ತಿಂಗಳು 20–7 ಗೆದ್ದು ಡಿವಿಷನ್ ಹೊಡೆದರು. ಮತಪತ್ರ ತುಂಬುವ ವಾರ ಬರಹಗಾರರ ಕಣ್ಣೆದುರು ಇದ್ದದ್ದೇ ಈ ಓಟ.

ಶಿರಸಿ ಪೇಟೆ:

ಕೋಡಿಬಾಗದವರೇ, ನಿಯಮ ಸರಿ, ಆದರೆ 20–7 ನೋಡಿ ಪ್ರಶಸ್ತಿ ಕೊಡುವುದಾದರೆ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಮ್ಯಾನೇಜರ್ ನಿದ್ದೆ ಮಾಡಿದ್ದರೇ? 15.5 ಹಿಂದೆ ಬೀಳುವಾಗಲೂ ಅದೇ ಮನುಷ್ಯ ಅಲ್ಲಿ ಕೂತಿದ್ದದ್ದು.

ಅಂಕಿ ಹಿಡಿದು ನೋಡುವ. ಬೇಸ್‌ಬಾಲ್ ಅಂಕಿಅಂಶದ ಬರಹಗಾರ ಬಿಲ್ ಜೇಮ್ಸ್ ಅವರ ಸೂತ್ರ ಹೀಗಿದೆ: ಹೊಡೆದ ರನ್ನಿನ ವರ್ಗವನ್ನು, ಹೊಡೆದ ಮತ್ತು ಬಿಟ್ಟುಕೊಟ್ಟ ರನ್ನುಗಳ ವರ್ಗಗಳ ಮೊತ್ತದಿಂದ ಭಾಗಿಸಿ 162ರಿಂದ ಗುಣಿಸಿ. ತಂಡ ಎಷ್ಟು ಗೆಲ್ಲಬೇಕಿತ್ತು ಎಂಬ ಅಂದಾಜು ಸಿಗುತ್ತದೆ. ಕ್ಲೀವ್‌ಲ್ಯಾಂಡ್ ಹೊಡೆದದ್ದು 643, ಕೊಟ್ಟದ್ದು 649. ವರ್ಗ 4,13,449 ಮತ್ತು 4,21,201, ಪಾಲು 0.495, ಅಂದರೆ 80 ಗೆಲುವು. ನಿಜಕ್ಕೂ ಗೆದ್ದದ್ದು 88. ಟೊರಾಂಟೊ 798 ಹೊಡೆದು 721 ಕೊಟ್ಟಿತು. ಬರಬೇಕಾದ್ದು 89, ಬಂದದ್ದು 94. ಒಬ್ಬರಿಗೆ ಎಂಟು ಹೆಚ್ಚು, ಇನ್ನೊಬ್ಬರಿಗೆ ಐದು. ಇಬ್ಬರ ನಡುವೆ ಮೂರು ಪಂದ್ಯ, ಅಷ್ಟೇ.

ಆ ಎಂಟನ್ನೂ ಮ್ಯಾನೇಜರ್ ಖಾತೆಗೆ ಜಮಾ ಮಾಡಲಿಕ್ಕೆ ಬರುವುದಿಲ್ಲ. ಒಂದು ರನ್ನಿನ ಪಂದ್ಯಗಳು ಯಾವ ಕಡೆ ವಾಲಿದವು ಎಂಬ ಅದೃಷ್ಟವೂ ಅದರೊಳಗಿದೆ. ಬೇಕಾದರೆ ಅದೇ ವರ್ಷದ ಇನ್ನೊಂದು ಲೀಗ್, ನ್ಯಾಷನಲ್ ಲೀಗ್ ನೋಡಿ. ಮಿಲ್ವಾಕಿಯ ಪ್ಯಾಟ್ ಮರ್ಫಿ ತಂಡ 806 ಹೊಡೆದು 634 ಕೊಟ್ಟಿತು, ಸೂತ್ರದ ಪ್ರಕಾರ 100 ಬರಬೇಕು, ಬಂದದ್ದು 97. ಕಡಿಮೆಯೇ. ಆದರೂ ಅವರಿಗೂ ಸತತ ಎರಡನೇ ಸಲ ಪ್ರಶಸ್ತಿ, ಅದೂ ಸಲೀಸಾಗಿ. ಹಾಗಾಗಿ ಈ ಸೂತ್ರ ಹಿಡಿದು ವೋಗ್ಟ್ ಪರ ವಾದಿಸುವವರು ಮರ್ಫಿಯ ವಿಷಯದಲ್ಲಿ ಏನು ಹೇಳುತ್ತಾರೆ ಎಂದು ಮೊದಲು ಹೇಳಲಿ.

ನನ್ನ ಮತ ಷ್ನೈಡರ್‌ಗೆ. ಒಂದೇ ವರ್ಷದಲ್ಲಿ 20 ಗೆಲುವು ಹೆಚ್ಚು. ಅದೇ ಡಿವಿಷನ್ನಿನ ನ್ಯೂಯಾರ್ಕ್ ಯಾಂಕೀಸ್ ಕೂಡ 94–68 ಇತ್ತು, ಮುಖಾಮುಖಿ ಪಂದ್ಯಗಳಲ್ಲಿ 8–5 ಮುಂದಿದ್ದುದರಿಂದಷ್ಟೇ ಟೊರಾಂಟೊ ಡಿವಿಷನ್ ಗೆದ್ದದ್ದು. ಆ ಹದಿಮೂರು ಪಂದ್ಯದಲ್ಲಿ ತಪ್ಪು ಮಾಡುವ ಸಂದು ಇರಲಿಲ್ಲ.

ಕರಿಇಶಾಡು (ಅಂಕೋಲಾ):

ಶಿರಸಿಯವರ ಗಣಿತ ಚೊಕ್ಕ ಇದೆ, ಆದರೆ ಮ್ಯಾನೇಜರ್ ದಿನಾ ಎಂತ ಮಾಡುತ್ತಾನೆ ಎಂಬ ಮಾತೇ ಬರಲಿಲ್ಲ. ಯಕ್ಷಗಾನದಲ್ಲಿ ಚಪ್ಪಾಳೆ ವೇಷಕ್ಕೆ. ಪದ್ಯ ಎಲ್ಲಿ ಎತ್ತಬೇಕು, ಯಾರನ್ನು ಎಷ್ಟು ಹೊತ್ತು ಕುಣಿಸಬೇಕು ಎಂಬ ಹಿಡಿತ ಭಾಗವತರದ್ದು. ಈ ಕೆಲಸವನ್ನು ತೂಗಬೇಕಾದರೂ ಹಿಡಿತವನ್ನೇ ನೋಡಬೇಕು.

ಆ ಹಿಡಿತ ಹೆಚ್ಚು ಕಾಣುವುದು ಬುಲ್‌ಪೆನ್‌ನಲ್ಲಿ, ಅಂದರೆ ಪಂದ್ಯದ ನಡುವೆ ಬದಲಿಯಾಗಿ ಬರುವ ಪಿಚರ್‌ಗಳ (ಚೆಂಡು ಎಸೆಯುವವರ) ಬಳಗದಲ್ಲಿ. 26 ಜನರ ಪಟ್ಟಿಯಲ್ಲಿ ಪಿಚರ್‌ಗಳು 13 ಮೀರುವಂತಿಲ್ಲ (ಸೆಪ್ಟೆಂಬರಿನಲ್ಲಿ 28 ಜನ, 14 ಪಿಚರ್). 2020ರಿಂದ, ಒಳಗೆ ಬಂದ ಪಿಚರ್ ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು, ಇಲ್ಲವೇ ಆ ಅರ್ಧ ಇನ್ನಿಂಗ್ಸ್ ಮುಗಿಸಬೇಕು. ಮೊದಲಾದರೆ ಒಬ್ಬ ಎಡಗೈ ಬ್ಯಾಟರ್‌ಗಾಗಿಯೇ ಎಡಗೈ ಪಿಚರ್ ತಂದು, ಅವನು ಔಟಾದ ಕೂಡಲೇ ವಾಪಸ್ ಕರೆಯಬಹುದಿತ್ತು. ಈಗ ಆ ಎಡಗೈಯವನ ಹಿಂದೆ ಬರುವ ಇಬ್ಬರು ಬಲಗೈಯವರನ್ನೂ ಲೆಕ್ಕ ಹಾಕಿಯೇ ಕರೆಯಬೇಕು. ಸತತ ಮೂರು ದಿನ ಎಸೆದವನನ್ನು ನಾಲ್ಕನೇ ದಿನವೂ ಎಬ್ಬಿಸಿದರೆ ವೇಗ ಇಳಿಯುತ್ತದೆ, ಚೆಂಡು ಹೊಡೆಯಲು ಸುಲಭವಾಗುವಂತೆ ಬ್ಯಾಟರ್ ಮುಂದಿನ ಪ್ಲೇಟಿನ ನಡುವೆಯೇ ಬೀಳುತ್ತದೆ. ಅದರ ದಂಡ ಆವತ್ತಲ್ಲ, ವಾರ ಬಿಟ್ಟು ಕಟ್ಟಬೇಕಾಗುತ್ತದೆ.

ಈಗ ವೋಗ್ಟ್ ಕೈಲಿ ಏನಿತ್ತು ನೋಡಿ. ತಂಡದ ಬ್ಯಾಟಿಂಗ್ ಸರಾಸರಿ .226 (ಸಾವಿರ ಪ್ರಯತ್ನಕ್ಕೆ 226 ಹಿಟ್), ಕಡಿಮೆಯೇ. ಹೊಸೆ ರಮಿರೆಜ್ ಬಿಟ್ಟರೆ ಎದುರಾಳಿ ಹೆದರುವ ಬ್ಯಾಟ್ ಇರಲಿಲ್ಲ. ಜುಲೈನಲ್ಲಿ ಬೆಟ್ಟಿಂಗ್ ತನಿಖೆಯ ಕಾರಣ ಸ್ಟಾರ್ಟರ್ (ಪಂದ್ಯ ಆರಂಭಿಸುವ ಪಿಚರ್) ಲೂಯಿಸ್ ಓರ್ಟಿಜ್, ಆಮೇಲೆ ಕ್ಲೋಸರ್ (ಕೊನೆಯ, ಒಂಬತ್ತನೇ ಇನ್ನಿಂಗ್ಸ್ ಎಸೆಯುವವನು) ಇಮ್ಯಾನುಯೆಲ್ ಕ್ಲಾಸೆ, ಇಬ್ಬರನ್ನೂ ರಜೆಯ ಮೇಲೆ ಕಳಿಸಿಯಾಯಿತು. ಒಂಬತ್ತನೇ ಇನ್ನಿಂಗ್ಸ್‌ನವನು ಹೋದರೆ ತೂತು ಒಂದೇ ಅಲ್ಲ. ಎಂಟನೆಯದನ್ನು ನೋಡುತ್ತಿದ್ದ ಕೇಡ್ ಸ್ಮಿತ್ ಒಂಬತ್ತಕ್ಕೆ ಹೋದರು, ಏಳರವನು ಎಂಟಕ್ಕೆ, ಹೀಗೆ ಎಲ್ಲರೂ ಒಂದೊಂದು ಮೆಟ್ಟಿಲು ಮೇಲೆ ಸರಿಯಬೇಕು. ಅದನ್ನು ಸರಿದೂಗಿಸಲು ಕೊನೆಯ ತಿಂಗಳು ಆರು ಸ್ಟಾರ್ಟರ್‌ಗಳ ಸರದಿ ನಡೆಸಿದರು. ಒಬ್ಬೊಬ್ಬರಿಗೂ ಒಂದು ದಿನ ಹೆಚ್ಚು ವಿಶ್ರಾಂತಿ, ಹೆಚ್ಚು ಇನ್ನಿಂಗ್ಸ್, ಬುಲ್‌ಪೆನ್ ಮೇಲೆ ಭಾರ ಕಡಿಮೆ. ಹೊಡೆದ ರನ್ ಕೊಟ್ಟದ್ದಕ್ಕಿಂತ ಕಡಿಮೆ ಇದ್ದೂ 88 ಗೆಲ್ಲುವುದು ಬರೀ ಅದೃಷ್ಟ ಅಲ್ಲ ಮಾರಾಯ್ರೇ. ಬಿಗಿಯಾದ ಪಂದ್ಯಕ್ಕೆ ಒಳ್ಳೆಯವರನ್ನು ಉಳಿಸಿ, ಕೈತಪ್ಪಿದ ಪಂದ್ಯವನ್ನು ಕೊನೆಯ ಪಿಚರ್ ಕೈಗೆ ಬಿಟ್ಟರೆ ಅಂಕಿ ಹೀಗೇ ಕಾಣುತ್ತದೆ.

ಟೊರಾಂಟೊದ ಬದಲಾವಣೆ ಇದ್ದದ್ದು ಬ್ಯಾಟಿಂಗಿನಲ್ಲಿ: ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟಾಗುವುದು) ಕಡಿಮೆ, ಚೆಂಡಿಗೆ ಬ್ಯಾಟ್ ತಾಗಿಸುವುದು ಹೆಚ್ಚು. ಅದರ ದೊಡ್ಡ ಪಾಲು ಆ ವರ್ಷ ಹೊಸದಾಗಿ ಬಂದ ಬ್ಯಾಟಿಂಗ್ ಕೋಚ್ ಡೇವಿಡ್ ಪಾಪ್‌ಕಿನ್ಸ್‌ಗೆ ಸಲ್ಲಬೇಕು. ಷ್ನೈಡರ್ ಎರಡನೇ ಸ್ಥಾನ, ನನ್ನ ಪ್ರಕಾರ ನ್ಯಾಯವೇ.

ಶಿರಸಿ ಪೇಟೆ:

ಕೋಚ್ ಚೆನ್ನಾಗಿ ಕಲಿಸಿದರೆ ಮ್ಯಾನೇಜರಿಗೆ ಪಾಲಿಲ್ಲ, ಸರಿ. ಹಾಗಾದರೆ ಕ್ಲೀವ್‌ಲ್ಯಾಂಡಿನ ಪಿಚಿಂಗ್ ಕೋಚಿಗೆ ಎಷ್ಟು ಪಾಲು? ಒಂದೇ ತಕ್ಕಡಿ ಇಡಿ. ಟೊರಾಂಟೊದ ಎರ್ನಿ ಕ್ಲೆಮೆಂಟ್, ಆಡಿಸನ್ ಬಾರ್ಜರ್ ಅಂಥ ಆಟಗಾರರನ್ನು ದಿನದಿನವೂ ಲೈನಪ್‌ನಲ್ಲಿ (ಆಡುವವರ ಪಟ್ಟಿಯಲ್ಲಿ) ಹಾಕಿದವರು ಮ್ಯಾನೇಜರೇ ಅಲ್ಲವೇ?

ಯಲ್ಲಾಪುರ ಘಟ್ಟ:

ಇವರಿಬ್ಬರ ಮಾತು ಮುಗಿಯುವುದಲ್ಲ. ಪ್ರಶ್ನೆ ಕೇಳಿದವರಿಗೆ ವಾಲಿಬಾಲಿನದ್ದೂ ಬೇಕಲ್ಲ.

ಮಿರ್ಜಾನಿನವರೇ, ನಿಮ್ಮದು ಲೀಗೋ ನಾಕೌಟೋ ಎಂದು ಬರೆಯಲಿಲ್ಲ. ನಾಕೌಟ್ ಆದರೆ ಈ ಬಹುಮಾನ ಬೇಡವೇ ಬೇಡ. 8 ತಂಡಕ್ಕೆ 7 ಪಂದ್ಯ, ನಾಲ್ಕು ತಂಡ ಒಂದೇ ಪಂದ್ಯ ಆಡಿ ಬ್ಯಾಗು ಹೊರುತ್ತವೆ. ಒಂದು ಪಂದ್ಯ ನೋಡಿ ಕೋಚನ್ನು ಅಳೆಯಲಿಕ್ಕೆ ಆಗುವುದಿಲ್ಲ. ಕೊನೆಗೆ ಬಹುಮಾನ ಗೆದ್ದವರಿಗೇ ಹೋಗುತ್ತದೆ. ಕೊಡಲೇಬೇಕೆಂದರೆ ನಾಲ್ಕು ನಾಲ್ಕರ ಎರಡು ಗುಂಪು ಮಾಡಿ. ಗುಂಪಿಗೆ 6ರಂತೆ 12 ಲೀಗ್ ಪಂದ್ಯ, ಎರಡು ಸೆಮಿ, ಒಂದು ಫೈನಲ್. 25 ಪಾಯಿಂಟಿನ ಮೂರು ಸೆಟ್ ಇಟ್ಟರೆ ಪಂದ್ಯಕ್ಕೆ ಹತ್ತಿರ ಹತ್ತಿರ ಒಂದು ತಾಸು, ಒಂದು ರಾತ್ರಿಗೆ ಮುಗಿಯುವುದಿಲ್ಲ. ಲೀಗಿಗೆ 15 ಪಾಯಿಂಟಿನ ಸೆಟ್ ಮಾಡಿ ಎರಡು ರಾತ್ರಿಗೆ ಹಂಚಿ, ಸೆಮಿಯಿಂದ 25.

ಅಂಕಣ ಒಂದೇ ಇರುವುದು ನಿಮ್ಮ ಅದೃಷ್ಟ. ಎರಡಿದ್ದರೆ 'ಅ' ಗುಂಪು ನೋಡಿದವರು 'ಬ' ಗುಂಪಿನ ಕೋಚಿಗೆ ಏನೆಂದು ಮತ ಹಾಕುತ್ತಾರೆ? ಬೇಸ್‌ಬಾಲಿನವರು ಎರಡು ಲೀಗಿಗೆ ಬೇರೆ ಬೇರೆ ಪ್ರಶಸ್ತಿ ಇಟ್ಟದ್ದು ಆ ದೃಷ್ಟಿಯಿಂದಲೂ ಅನುಕೂಲವೇ.

ಮತ ಯಾರದ್ದು? ಎಂಟು ನಾಯಕರು, ಇಬ್ಬರು ರೆಫ್ರಿ, ಒಬ್ಬ ಸ್ಕೋರರ್, ಸಮಿತಿಯ ಹೊರಗಿನ ಹಳೆಯ ಆಟಗಾರರೊಬ್ಬರು, ಒಟ್ಟು 12. ತನ್ನ ಕೋಚಿಗೆ ತಾನು ಹಾಕುವಂತಿಲ್ಲ, ಹಾಗಾಗಿ ಒಬ್ಬರಿಗೆ ಸಿಗುವ ಗರಿಷ್ಠ 55. ಅಂಕ 5-3-1 ಇರಲಿ. ಒಂದೇ ಹೆಸರು ಬರೆಸಿದರೆ ಊರಿನ ಅಭಿಮಾನ ಗೆಲ್ಲುತ್ತದೆ, ಮೂರು ಬರೆಸಿದರೆ ಎರಡನೇ, ಮೂರನೇ ಹೆಸರಿನಲ್ಲಿ ನಿಜ ಹೊರಬೀಳುತ್ತದೆ. ಎದುರಾಳಿಯನ್ನು ಬೇಕೆಂದೇ ಬಿಡುವವರೂ ಇರುತ್ತಾರೆ. ಅದಕ್ಕೆ ಮದ್ದು, ಯಾರು ಯಾರಿಗೆ ಹಾಕಿದರು ಎಂಬುದನ್ನು ಆಮೇಲೆ ಹಲಗೆಗೆ ಅಂಟಿಸುವುದು; ಆ ಬರಹಗಾರರ ಸಂಘವೂ ಹೆಸರು ಸಮೇತ ಮತಪತ್ರ ಪ್ರಕಟಿಸುತ್ತದೆ. ಲಕೋಟೆ ಕೊನೆಯ ಲೀಗ್ ಪಂದ್ಯ ಮುಗಿದು ಸೆಮಿಯ ಸೀಟಿ ಊದುವ ಮೊದಲೇ ಸೀಲಾಗಬೇಕು. ಫೈನಲ್ ನೋಡಿದ ಮೇಲೆ ಹಾಕಿಸಿದರೆ ನಿಮ್ಮ ಸಮಿತಿಯ ಆ ಅರ್ಧ ಜನ ಹೇಳಿದ್ದೇ ಆಗುತ್ತದೆ.

ಏನನ್ನು ನೋಡಬೇಕೆಂದು ಮತದಾರರಿಗೆ ಮೊದಲೇ ಹೇಳಿ. ಟೈಮ್‌ಔಟ್ ತೆಗೆದ ಕೂಡಲೇ ಪಾಯಿಂಟ್ ಬಂತು ಎಂದು ಕೋಚನ್ನು ಹೊಗಳುವುದು ಮಾಮೂಲು, ಅದು ಮೋಸದ ಲೆಕ್ಕ. ಸರ್ವೀಸ್ ತೆಗೆದುಕೊಳ್ಳುವ ತಂಡಕ್ಕೇ ಮೊದಲ ಹೊಡೆತದ ಅವಕಾಶ, ಟೈಮ್‌ಔಟ್ ಇಲ್ಲದಿದ್ದರೂ ಆ ಪಾಯಿಂಟ್ ಬರುವ ಸಂಭವವೇ ಹೆಚ್ಚು. ನೋಡಬೇಕಾದ್ದು ಬೇರೆ: ಎದುರಿನ ದೊಡ್ಡ ಸ್ಮ್ಯಾಷರ್ ಮುಂದಿನ ಸಾಲಿಗೆ ಬರುವ ಹೊತ್ತಿಗೆ ತನ್ನ ಎತ್ತರದ ಬ್ಲಾಕರ್ ಮುಂದೆ ಇರುವಂತೆ ಸೆಟ್ಟಿನ ಆರಂಭದ ಸರದಿ ಬರೆದುಕೊಟ್ಟರೋ, ಸೆಟ್ಟಿಗೆ ಸಿಗುವ ಆರು ಬದಲಾವಣೆಯನ್ನು ಸೋತ ಮೇಲೆ ಬಳಸಿದರೋ ಮೊದಲೇ ಬಳಸಿದರೋ, ಮೊದಲ ಸೆಟ್ ಕಳಕೊಂಡ ಮೇಲೆ ಎರಡನೆಯದಕ್ಕೆ ಏನಾದರೂ ಬದಲಾಯಿತೋ. ಮತ್ತೆ, ಶಿರಸಿಯವರ ಸೂತ್ರ ಇಲ್ಲಿಗೆ ತರಬೇಡಿ. ಅದು 162 ಪಂದ್ಯಕ್ಕೆ ಸರಿ, ಮೂರು ಪಂದ್ಯಕ್ಕೆ ಅರ್ಥವಿಲ್ಲ.

ಮಿರ್ಜಾನ್ ಬದಿ (ಕುಮಟಾ):

ಲೀಗೇ ಮಾಡುವ ಅಂತಾಯ್ತು. ಅಂಕ ಸಮ ಬಂದರೆ? 12 ಮತಕ್ಕೆ ಅದು ಅಪರೂಪ ಅಲ್ಲ.

ಕೋಡಿಬಾಗ (ಕಾರವಾರ):

1996ರಲ್ಲಿ ಅಮೆರಿಕನ್ ಲೀಗಿನಲ್ಲೇ ಆಗಿದೆ: ಯಾಂಕೀಸ್‌ನ ಜೋ ಟೋರಿ, ಟೆಕ್ಸಸ್‌ನ ಜಾನಿ ಓಟ್ಸ್, ಇಬ್ಬರಿಗೂ ಹಂಚಿದರು. ನಿಮಗೆ ಒಂದೇ ಟ್ರೋಫಿ ಇರುವುದರಿಂದ ಮೊದಲು ಯಾರಿಗೆ ಹೆಚ್ಚು 5 ಅಂಕದ ಮತ ಬಿದ್ದಿದೆ ನೋಡಿ. ಅದೂ ಸಮವಾದರೆ ನಾಯಕರ ಮತ ಬಿಟ್ಟು ಉಳಿದ ನಾಲ್ವರದ್ದು ಮಾತ್ರ ಎಣಿಸಿ. ಈ ಎರಡು ಸಾಲನ್ನು ಪಂದ್ಯಾವಳಿಯ ನಿಯಮದ ಹಾಳೆಯಲ್ಲಿ ಈಗಲೇ ಅಚ್ಚು ಹಾಕಿಸಿ, ಲಕೋಟೆ ಒಡೆದ ಮೇಲೆ ಹೇಳಿದರೆ ಯಾರೂ ಒಪ್ಪುವುದಿಲ್ಲ. ಟ್ರೋಫಿಯ ಮೇಲೆ ಹೆಸರಿನ ಜಾಗ ಖಾಲಿ ಬಿಡಿಸಿ.