ಪರದೆ ಮೂಲೆಯಲ್ಲಿ ‘ವೈರಸ್ ಬಂದಿದೆ’ ಅಂತ ಬರುತ್ತಲೇ ಇದೆ, ಫಾರ್ಮ್ಯಾಟ್ ಮಾಡಿಸಲಾ?

ಪ್ರಶ್ನೆ (ಡಿಟಿಪಿ ಅಂಗಡಿ, ಮಂಡ್ಯ):

ನಮಸ್ಕಾರ ಸರ್. ವಿ.ವಿ. ರಸ್ತೆ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಅರ್ಜಿ ತುಂಬುವುದು, ಪಹಣಿ ಪ್ರಿಂಟ್, ಲಗ್ನಪತ್ರಿಕೆ ಎಲ್ಲ ಒಂದೇ ಕಂಪ್ಯೂಟರ್‌ನಲ್ಲಿ. ಈಗ ಸ್ವಲ್ಪ ದಿನದಿಂದ ಪರದೆಯ ಬಲಗಡೆ ಕೆಳಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ’, ‘ಆಂಟಿವೈರಸ್ ಅವಧಿ ಮುಗಿದಿದೆ’ ಅಂತ ಒಂದರ ಹಿಂದೆ ಒಂದು ಬರುತ್ತಿದೆ. ಮಧ್ಯೆ ನೋಡಬಾರದ ಚಿತ್ರಗಳೂ ಬರುತ್ತವೆ. ಸ್ಕಾಲರ್‌ಶಿಪ್ ಅರ್ಜಿ ಹಾಕಿಸಲು ಬಂದ ಹೆಣ್ಣುಮಕ್ಕಳು ಪಕ್ಕದಲ್ಲೇ ನಿಂತಿರುತ್ತಾರೆ, ಮಾನ ಹೋಗುತ್ತೆ. ಆಂಟಿವೈರಸ್ ಸ್ಕ್ಯಾನ್ ಮಾಡಿದರೆ ಏನೂ ಇಲ್ಲ ಅಂತ ತೋರಿಸುತ್ತೆ. ಗೊತ್ತಿರುವ ಹುಡುಗ ಫಾರ್ಮ್ಯಾಟ್ ಮಾಡ್ಲೇಬೇಕು ಅಂತಾನೆ. ಮಾಡಿಸಲಾ? ಗಿರಾಕಿಗಳ ಫೈಲು ತುಂಬಾ ಇವೆ.

ಉತ್ತರ (ಕಂಪ್ಯೂಟರ್ ಸರ್ವಿಸ್, ಮೈಸೂರು):

ಫಾರ್ಮ್ಯಾಟ್ ಬೇಡ. ನೀವು ಹೇಳುತ್ತಿರುವುದು ವೈರಸ್ ಅಲ್ಲ, ಬ್ರೌಸರ್ ನೋಟಿಫಿಕೇಶನ್, ಅಂದರೆ ಸೈಟುಗಳು ಬ್ರೌಸರ್ ಮೂಲಕ ಕಳಿಸುವ ಸೂಚನೆ. ಸ್ಕ್ಯಾನ್‌ನಲ್ಲಿ ಏನೂ ಸಿಗದಿರುವುದಕ್ಕೆ ಕಾರಣವೂ ಅದೇ. ಅಲ್ಲಿ ಹಿಡಿಯಲು ಫೈಲೇ ಇಲ್ಲ.

ಆಗಿರುವುದು ಇಷ್ಟು. ಯಾರೋ ಆ ಕಂಪ್ಯೂಟರ್‌ನಲ್ಲಿ ಒಂದು ಸೈಟ್ ತೆರೆದಿದ್ದಾರೆ. ಪುಕ್ಕಟೆ ಸಿನಿಮಾ ಇರಬಹುದು, ಪಿಡಿಎಫ್‌ನಿಂದ ವರ್ಡ್‌ಗೆ ಬದಲಾಯಿಸುವ ಸೈಟ್ ಇರಬಹುದು. ‘ನೀವು ರೋಬೋಟ್ ಅಲ್ಲ ಅಂತ ಖಚಿತಪಡಿಸಲು ಅಲೋ ಒತ್ತಿ’ ಅಂತ ಅದು ಕೇಳಿದೆ. ಒತ್ತಿದ್ದಾರೆ. ರೋಬೋಟ್ ಪರೀಕ್ಷೆ ಅನ್ನುವುದು ಸುಳ್ಳು. ಅಲ್ಲಿ ಒತ್ತಿದ್ದು ನೋಟಿಫಿಕೇಶನ್ ಕಳಿಸಲು ಒಪ್ಪಿಗೆ. ಆ ಸೈಟ್ ಮುಚ್ಚಿದರೂ ಒಪ್ಪಿಗೆ ಹಾಗೇ ಉಳಿಯುತ್ತೆ. ವಿಂಡೋಸ್‌ನಲ್ಲಿ ಕ್ರೋಮ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುತ್ತಿರಬಹುದು. ಅದಕ್ಕೇ ಬ್ರೌಸರ್ ತೆರೆಯದಿದ್ದರೂ ಮೂಲೆಯಲ್ಲಿ ಬಂದುಬಿಡುತ್ತೆ.

ಅದರಲ್ಲಿ ದೊಡ್ಡ ಆಂಟಿವೈರಸ್ ಕಂಪನಿಯ ಹೆಸರು, ಲೋಗೋ ಇರುತ್ತೆ, ಅಲ್ವಾ? ಒತ್ತಿದರೆ ಎಷ್ಟೋ ಸಲ ಆ ಕಂಪನಿಯ ನಿಜವಾದ ಮಾರಾಟದ ಪುಟವೇ ತೆರೆಯುತ್ತೆ. ನೀವು ಹೆದರಿ ಕೊಂಡರೆ ಮಧ್ಯದವನಿಗೆ ಕಮಿಷನ್. ಇನ್ನು ಕೆಲವು ಸಲ ಕಳ್ಳ ಸಾಫ್ಟ್‌ವೇರೇ ಇಳಿಯುತ್ತೆ. ಹಾಗಾಗಿ ಯಾವುದನ್ನೂ ಒತ್ತಬೇಡಿ.

ತೆಗೆಯುವುದು ಹೀಗೆ. ಕ್ರೋಮ್‌ನಲ್ಲಿ ಬಲಮೇಲ್ಗಡೆ ಮೂರು ಚುಕ್ಕಿ, ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್. ಅಲ್ಲಿ ‘ಅಲೋಡ್’ ಅನ್ನುವ ಕಡೆ ಒಂದು ಪಟ್ಟಿ ಇರುತ್ತೆ. ಅರ್ಥವಿಲ್ಲದ ಅಕ್ಷರಗಳ ಹೆಸರಿನ ಸೈಟುಗಳು ಕಾಣುತ್ತವೆ ನೋಡಿ, ಅವನ್ನೆಲ್ಲ ಬ್ಲಾಕ್ ಮಾಡಿ. ರಿಮೂವ್ ಮಾಡಿದರೆ ಅದೇ ಸೈಟ್ ಮತ್ತೆ ಕೇಳಬಹುದು, ಬ್ಲಾಕ್ ಮಾಡಿದರೆ ಕೇಳಲ್ಲ. ಆಮೇಲೆ ಅದೇ ಪುಟದ ಮೇಲ್ಭಾಗದಲ್ಲಿ ‘ಯಾವ ಸೈಟೂ ನೋಟಿಫಿಕೇಶನ್ ಕೇಳಬಾರದು’ ಅನ್ನುವ ಆಯ್ಕೆ ಇದೆ, ಅದನ್ನು ಹಾಕಿಬಿಡಿ. ಅಂಗಡಿಯ ಕಂಪ್ಯೂಟರ್‌ಗೆ ಯಾವ ಸೈಟಿನ ನೋಟಿಫಿಕೇಶನ್ ಬೇಕು ಹೇಳಿ? ಎಡ್ಜ್ ಬಳಸುತ್ತಿದ್ದರೆ ಅಲ್ಲೂ ನೋಡಿ. ಒಂದೊಂದು ಬ್ರೌಸರ್‌ಗೂ ಒಂದೊಂದು ಪಟ್ಟಿ.

ಈ ಕಾಟ ಎಷ್ಟು ಜಾಸ್ತಿಯಾಯಿತು ಅಂದರೆ, 2020ರ ಜನವರಿಯಲ್ಲಿ ಬಂದ ಫೈರ್‌ಫಾಕ್ಸ್ 72ರಿಂದ ಆ ಬ್ರೌಸರ್ ಸೈಟು ತಾನಾಗಿ ಈ ಪ್ರಶ್ನೆ ಎತ್ತುವುದನ್ನೇ ತಡೆಯಿತು. ಮರುತಿಂಗಳು ಕ್ರೋಮ್ 80 ಕೂಡ ಆ ಪ್ರಶ್ನೆಯನ್ನು ಸದ್ದಿಲ್ಲದೆ ಬದಿಗೆ ಸರಿಸುವ ಆಯ್ಕೆ ತಂದಿತು. ಆದರೂ ರೋಬೋಟ್ ಹೆಸರು ಹೇಳಿ ನಮ್ಮ ಕೈಯಲ್ಲೇ ಒತ್ತಿಸಿಕೊಳ್ಳುತ್ತಾರೆ.

ಸದಸ್ಯರೊಬ್ಬರು (ಮದ್ದೂರು):

ನಾನಂತೂ ಎರಡು ಆಂಟಿವೈರಸ್ ಹಾಕಿದೀನಿ. ಒಂದು ಬಿಟ್ಟಿದ್ದನ್ನ ಇನ್ನೊಂದು ಹಿಡಿಯುತ್ತೆ.

ಉತ್ತರ:

ಹಿಡಿಯಲ್ಲ ಅಣ್ಣ, ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಎರಡೂ ಒಟ್ಟಿಗೆ ಕಾವಲು ಕೂತರೆ ಕಂಪ್ಯೂಟರ್ ನಿಧಾನವಾಗುವುದೊಂದೇ ಲಾಭ. ಮನೆಗೆ, ಸಣ್ಣ ಅಂಗಡಿಗೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು. ಅದರಲ್ಲಿ ಒಂದು ಸ್ವಿಚ್ ಮಾತ್ರ ಆನ್ ಇದೆಯಾ ನೋಡಿಕೊಳ್ಳಿ. ವಿಂಡೋಸ್ ಸೆಕ್ಯುರಿಟಿ ತೆರೆದು, ಆಪ್ ಅಂಡ್ ಬ್ರೌಸರ್ ಕಂಟ್ರೋಲ್, ಅದರೊಳಗೆ ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್. ‘ಪೊಟೆನ್ಶಿಯಲಿ ಅನ್‌ವಾಂಟೆಡ್ ಆಪ್ ಬ್ಲಾಕಿಂಗ್’ ಅಂತ ಇರುತ್ತೆ. ಆಡ್‌ವೇರ್, ಅಂದರೆ ಜಾಹೀರಾತು ತೋರಿಸಲೆಂದೇ ನುಸುಳುವ ಸಾಫ್ಟ್‌ವೇರ್, ಈ ಗುಂಪಿಗೆ ಸೇರುತ್ತೆ. ಅದು ಪೂರ್ತಿ ವೈರಸ್ಸೂ ಅಲ್ಲ, ಒಳ್ಳೆಯ ಸಾಫ್ಟ್‌ವೇರೂ ಅಲ್ಲ. ಹಾಗಾಗಿ ಈ ಸ್ವಿಚ್ ಇಲ್ಲದಿದ್ದರೆ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತೆ.

ಪ್ರಶ್ನೆ ಕೇಳಿದವರು:

ಸರ್, ಪಟ್ಟಿಯಲ್ಲಿ ಕೈತುಂಬಾ ಇದ್ದವು! ಎಲ್ಲ ಬ್ಲಾಕ್ ಮಾಡಿದೆ. ಮೂಲೆಯಲ್ಲಿ ಬರುವುದು ನಿಂತಿತು. ಆದರೆ ಇನ್ನೊಂದಿದೆ. ಕ್ರೋಮ್ ತೆರೆದರೆ ಗೂಗಲ್ ಬದಲು ಬೇರೆ ಯಾವುದೋ ಹುಡುಕುವ ಪುಟ ಬರುತ್ತೆ. ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಲು ಬಿಡುತ್ತಿಲ್ಲ. ಮೂರು ಚುಕ್ಕಿಯ ಕೆಳಗೆ ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಅಂತ ಇಂಗ್ಲಿಷ್‌ನಲ್ಲಿ ತೋರಿಸುತ್ತೆ. ನನಗ್ಯಾವ ಸಂಸ್ಥೆ ಸರ್, ಇರೋದು ಒಂದು ಅಂಗಡಿ. ಹೋದ ತಿಂಗಳು ಹಳೆಯ ಲಗ್ನಪತ್ರಿಕೆ ಫೈಲಿಗೆ ಅಂತ ‘ನುಡಿ’ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಇಳಿಸಿದ್ದೆ, ಗೂಗಲ್‌ನಲ್ಲಿ ಮೊದಲು ಸಿಕ್ಕ ಸೈಟಿನಿಂದ. ಅದರಿಂದ ಇರಬಹುದಾ?

ಉತ್ತರ:

ಇರಬಹುದು. ತಪ್ಪು ನುಡಿಯದಲ್ಲ. ಅದು ಕನ್ನಡ ಗಣಕ ಪರಿಷತ್ತು ಮಾಡಿದ್ದು, ಅಲ್ಲಿಂದಲೇ ಇಳಿಸಬೇಕು. ಜನ ಜಾಸ್ತಿ ಹುಡುಕುವ ಸಾಫ್ಟ್‌ವೇರ್‌ಗಳನ್ನು ಬೇರೆಯವರು ತಮ್ಮ ಇನ್‌ಸ್ಟಾಲರ್ ಒಳಗೆ ಸುತ್ತಿ ಕೊಡುತ್ತಾರೆ. ನೆಕ್ಸ್ಟ್, ನೆಕ್ಸ್ಟ್ ಅಂತ ಒತ್ತುತ್ತಾ ಹೋದರೆ ಮೊದಲೇ ಟಿಕ್ ಹಾಕಿಟ್ಟ ಇನ್ನೆರಡು ಸಾಮಾನು ಜೊತೆಯಲ್ಲಿ ಬರುತ್ತವೆ. ‘ರೆಕಮೆಂಡೆಡ್’ ಬಿಟ್ಟು ‘ಕಸ್ಟಮ್’ ಆರಿಸಿದರೆ ಆ ಟಿಕ್‌ಗಳು ಕಣ್ಣಿಗೆ ಬೀಳುತ್ತವೆ. ಗೂಗಲ್‌ನಲ್ಲಿ ಎಲ್ಲಕ್ಕಿಂತ ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು. ಮೇಲಿದೆ ಅಂದ ಮಾತ್ರಕ್ಕೆ ಅಸಲಿ ಅಂತಲ್ಲ.

ಈಗ ‘ಸಂಸ್ಥೆ’ ವಿಚಾರ. ದೊಡ್ಡ ಆಫೀಸು, ಕಾಲೇಜುಗಳಿಗೆ ತಮ್ಮ ಕಂಪ್ಯೂಟರ್‌ಗಳ ಕ್ರೋಮ್ ಅನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು ಪಾಲಿಸಿ ಅನ್ನುವ ಸೌಲಭ್ಯ ಇದೆ. ಆಡ್‌ವೇರ್ ಅದನ್ನೇ ಕದ್ದು ಬಳಸುತ್ತೆ. ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಒಂದು ಸಾಲು ಬರೆದು ‘ಈ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್) ತೆಗೆಯುವಂತಿಲ್ಲ, ಈ ಹುಡುಕುವ ಪುಟ ಬದಲಾಯಿಸುವಂತಿಲ್ಲ’ ಅಂತ ಅಪ್ಪಣೆ ಕೊಡಿಸಿರುತ್ತೆ. ಕ್ರೋಮ್‌ನ ವಿಳಾಸದ ಜಾಗದಲ್ಲಿ ಕ್ರೋಮ್, ಕೋಲನ್, ಎರಡು ಸ್ಲ್ಯಾಶ್, ಪಾಲಿಸಿ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಎಂಟರ್ ಒತ್ತಿ. ಏನೇನು ಅಪ್ಪಣೆ ಇದೆ ಅಂತ ಕಾಣುತ್ತೆ. ಒಂದು ಎಚ್ಚರ: ಕೆಲವು ಆಂಟಿವೈರಸ್‌ಗಳೂ ಇಲ್ಲಿ ಬರೆಯುತ್ತವೆ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಇದನ್ನು ಮುಟ್ಟಲೇಬಾರದು.

ನಿಮ್ಮ ಕೆಲಸದ ಕ್ರಮ ಹೀಗಿರಲಿ. ಮೊದಲು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪ್ರೋಗ್ರಾಮ್ ಪಟ್ಟಿ ತೆರೆದು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ. ಆ ನುಡಿ ಬಂದ ದಿನ ಜೊತೆಗೆ ಏನೇನು ಬಂದಿದೆ ನೋಡಿ, ಪರಿಚಯವಿಲ್ಲದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ. ಆಮೇಲೆ ಆಡ್‌ವೇರ್ ತೆಗೆಯುವ ಸಾಫ್ಟ್‌ವೇರ್, ಮಾಲ್‌ವೇರ್‌ಬೈಟ್ಸ್ ಕಂಪನಿಯವರ ಆಡ್‌ಡಬ್ಲ್ಯೂಕ್ಲೀನರ್ ಇಳಿಸಿಕೊಳ್ಳಿ, ಅವರ ಸೈಟಿನಿಂದಲೇ. ಪುಕ್ಕಟೆ ಸಿಗುತ್ತೆ. ಅದರ ಸೆಟ್ಟಿಂಗ್ಸ್‌ನಲ್ಲಿ ಕ್ರೋಮ್ ಪಾಲಿಸಿ ರೀಸೆಟ್ ಮಾಡುವ ಆಯ್ಕೆ ಇದೆ. ಅದನ್ನು ಆನ್ ಮಾಡಿ ಸ್ಕ್ಯಾನ್ ಮಾಡಿದರೆ ರಿಜಿಸ್ಟ್ರಿಗೆ ನೀವು ಕೈ ಹಾಕುವ ಅಗತ್ಯ ಬರಲ್ಲ. ಕೊನೆಗೆ ಎಕ್ಸ್‌ಟೆನ್ಶನ್ ಪುಟಕ್ಕೆ ಹೋಗಿ ಬೇಡದ್ದನ್ನು ತೆಗೆಯಿರಿ, ಕ್ರೋಮ್ ಅನ್ನು ರೀಸೆಟ್ ಮಾಡಿ. ಹಳೆಯ ವಿಡಿಯೋಗಳಲ್ಲಿ ‘ಕ್ರೋಮ್ ಒಳಗೇ ಕ್ಲೀನಪ್ ಇದೆ’ ಅಂತ ತೋರಿಸುತ್ತಾರೆ. ಅದನ್ನು ಗೂಗಲ್ 2023ರಲ್ಲೇ ತೆಗೆದುಹಾಕಿದೆ, ಸುಮ್ನೆ ಹುಡುಕಬೇಡಿ.

ಫಾರ್ಮ್ಯಾಟ್ ಬೇಡ ಅಂದಿದ್ದಕ್ಕೆ ಇನ್ನೊಂದು ಕಾರಣ ಹೇಳುತ್ತೇನೆ. ನೀವು ಕ್ರೋಮ್‌ಗೆ ಜಿಮೇಲ್ ಹಾಕಿ ಸಿಂಕ್ ಆನ್ ಇಟ್ಟಿದ್ದರೆ, ಎಕ್ಸ್‌ಟೆನ್ಶನ್‌ಗಳು ಆ ಖಾತೆಯಲ್ಲೂ ಇರುತ್ತವೆ. ಫಾರ್ಮ್ಯಾಟ್ ಮಾಡಿ, ಕ್ರೋಮ್ ಹಾಕಿ, ಲಾಗಿನ್ ಆದ ತಕ್ಷಣ ಅದೇ ಎಕ್ಸ್‌ಟೆನ್ಶನ್ ವಾಪಸ್. ಆಗ ಜನ ‘ಭಾರಿ ವೈರಸ್, ಫಾರ್ಮ್ಯಾಟ್‌ಗೂ ಬಗ್ಗಲಿಲ್ಲ’ ಅಂತ ಹಾರ್ಡ್ ಡಿಸ್ಕ್ ಬದಲಾಯಿಸಲು ಹೊರಡುತ್ತಾರೆ. ಯಾರು ತೋರಿಸುತ್ತಿದ್ದಾರೆ ಅಂತ ಗೊತ್ತಿಲ್ಲದೆ ಫಾರ್ಮ್ಯಾಟ್ ಮಾಡಿ ದುಡ್ಡು ತೆಗೆದುಕೊಳ್ಳುವುದು ನನಗಂತೂ ಸರಿ ಕಾಣಲ್ಲ.

ಪ್ರಶ್ನೆ (ಗೃಹಿಣಿ, ಕುವೆಂಪುನಗರ):

ಸರ್, ನಮ್ಮ ಅತ್ತೆಯವರ ಫೋನ್‌ನಲ್ಲೂ ಇದೇ ಗೋಳು. ಬ್ರೌಸರ್ ಮುಟ್ಟುವುದೇ ಇಲ್ಲ ಅವರು. ಆದರೂ ಫೋನ್ ಅನ್‌ಲಾಕ್ ಮಾಡಿದರೆ ಸಾಕು, ಪರದೆ ತುಂಬಾ ಜಾಹೀರಾತು. ಮುಚ್ಚುವ ಗುರುತು ಎಷ್ಟು ಚಿಕ್ಕದು ಅಂದರೆ ಅವರ ಕಣ್ಣಿಗೆ ಕಾಣುವುದೇ ಇಲ್ಲ. ಯಾವ ಆಪ್ ಅಂತ ಕಂಡುಹಿಡಿಯುವುದು ಹೇಗೆ?

ಉತ್ತರ:

ಮೇಡಂ, ಜಾಹೀರಾತು ಪರದೆಯ ಮೇಲಿರುವಾಗಲೇ ಅದನ್ನು ಮುಚ್ಚದೆ ರೀಸೆಂಟ್ ಬಟನ್ ಒತ್ತಿ. ಚೌಕದ ಬಟನ್, ಇಲ್ಲವೇ ಕೆಳಗಿನಿಂದ ಮೇಲಕ್ಕೆ ಎಳೆದು ಹಿಡಿಯುವುದು. ಜಾಹೀರಾತು ತೋರಿಸುತ್ತಿರುವ ಆಪ್‌ನ ಹೆಸರು ಅಲ್ಲೇ ಕಾಣುವ ಸಾಧ್ಯತೆ ಜಾಸ್ತಿ. ಹೆಸರಿನ ಜಾಗ ಖಾಲಿ ಇದ್ದರೆ ಅನುಮಾನ ಇನ್ನೂ ಗಟ್ಟಿ. ಐಕಾನ್ ಮುಚ್ಚಿಟ್ಟುಕೊಳ್ಳುವ ಆಪ್‌ಗಳಿವೆ. ಆಗ ಸೆಟ್ಟಿಂಗ್ಸ್, ಆಪ್ಸ್, ಸ್ಪೆಷಲ್ ಆಪ್ ಆಕ್ಸೆಸ್, ‘ಡಿಸ್‌ಪ್ಲೇ ಓವರ್ ಅದರ್ ಆಪ್ಸ್’ ಅಂತ ಹೋಗಿ. ಬೇರೆ ಆಪ್‌ಗಳ ಮೇಲೆ ಬಂದು ಕೂರುವ ಒಪ್ಪಿಗೆ ಯಾರ್‍ಯಾರಿಗೆ ಇದೆ ಅಂತ ಅಲ್ಲಿ ಗೊತ್ತಾಗುತ್ತೆ. ಟಾರ್ಚ್‌ಗೆ, ಕ್ಲೀನರ್‌ಗೆ, ವಾಲ್‌ಪೇಪರ್‌ಗೆ ಆ ಒಪ್ಪಿಗೆ ಯಾಕೆ ಬೇಕು? ತೆಗೆದುಹಾಕಿ. ಟಾರ್ಚ್ ಫೋನ್‌ನಲ್ಲೇ ಇದೆ. ಕ್ಯೂಆರ್ ಸ್ಕ್ಯಾನ್ ಈಗ ಸಾಮಾನ್ಯವಾಗಿ ಕ್ಯಾಮೆರಾದಲ್ಲೇ ಬರುತ್ತೆ.

ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿ ಒತ್ತಲು ಬರದಿದ್ದರೆ, ಆ ಆಪ್ ಡಿವೈಸ್ ಅಡ್ಮಿನ್ ಆಗಿ ಕೂತಿರಬಹುದು. ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ ಆ ಅಧಿಕಾರ ಕಿತ್ತು ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ. ಕೆಲವು ಫೋನ್‌ಗಳಲ್ಲಿ ಕಂಪನಿಯವರೇ ಲಾಕ್ ಸ್ಕ್ರೀನ್‌ಗೆ ಚಿತ್ರ, ಸುದ್ದಿ, ಜಾಹೀರಾತು ಹಾಕಿ ಕಳಿಸುತ್ತಾರೆ. ಅದು ಆಡ್‌ವೇರ್ ಅಲ್ಲ, ಲಾಕ್ ಸ್ಕ್ರೀನ್ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ಕಿರಿಕಿರಿ ಮಾತ್ರ ಒಂದೇ!

ಪ್ಲೇ ಸ್ಟೋರ್‌ನಿಂದ ಹಾಕಿದ್ದು, ಏನೂ ಆಗಲ್ಲ ಅಂತಲೂ ಇಲ್ಲ. ಇಂಥ ಅಡ್ಡಬೀಳುವ ಜಾಹೀರಾತಿಗೆ ಅಂತಲೇ 2020ರ ಫೆಬ್ರವರಿಯಲ್ಲಿ ಗೂಗಲ್ ಸುಮಾರು 600 ಆಪ್‌ಗಳನ್ನು ಸ್ಟೋರ್‌ನಿಂದ ಎತ್ತಿಹಾಕಿತು. ವಾಟ್ಸಾಪ್‌ನಲ್ಲಿ ಬರುವ ಎಪಿಕೆ (ಆಪ್ ಇನ್‌ಸ್ಟಾಲ್ ಮಾಡುವ) ಫೈಲುಗಳಂತೂ ಇನ್ನೂ ಅಪಾಯ. ಮದುವೆ ಆಮಂತ್ರಣ ಅಂತ ಬಂದರೂ ಅತ್ತೆಯವರಿಗೆ ಒತ್ತಬೇಡಿ ಅಂತ ಹೇಳಿಡಿ.

ಸದಸ್ಯರೊಬ್ಬರು (ಶ್ರೀರಂಗಪಟ್ಟಣ):

ನಮ್ಮ ಅಪ್ಪನಿಗೆ ಪರದೆ ಪೂರ್ತಿ ಕೆಂಪಾಗಿ, ಸೈರನ್ ಕೂಗಿ, ಮೈಕ್ರೋಸಾಫ್ಟ್ ಸಹಾಯವಾಣಿ ಅಂತ ನಂಬರ್ ಬಂದಿತ್ತು. ಮುಚ್ಚಲು ಆಗದೆ ಪ್ಲಗ್ ಕಿತ್ತರು. ಅದೂ ಇದೇನಾ?

ಉತ್ತರ:

ಅದು ಇದರ ದೊಡ್ಡಣ್ಣ. ಪ್ಲಗ್ ಕಿತ್ತಿದ್ದು ಒಳ್ಳೆಯದೇ ಆಯಿತು, ನಂಬರ್‌ಗೆ ಫೋನ್ ಮಾಡಲಿಲ್ಲವಲ್ಲ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಹಾಕುವುದೇ ಇಲ್ಲ. ಅದು ಬರೀ ಒಂದು ವೆಬ್ ಪುಟ, ಪರದೆ ತುಂಬಾ ಹರಡಿಕೊಂಡಿದೆ ಅಷ್ಟೇ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ. ಆಗದಿದ್ದರೆ ಆಲ್ಟ್ ಮತ್ತು ಎಫ್4. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ನಿಲ್ಲಿಸಿ. ಮತ್ತೆ ತೆರೆದಾಗ ‘ರಿಸ್ಟೋರ್’ ಅಂತ ಕೇಳಿದರೆ ಬೇಡ ಅನ್ನಿ, ಇಲ್ಲದಿದ್ದರೆ ಅದೇ ಪುಟ ಎದ್ದು ಬರುತ್ತೆ.

ಯಾರಾದರೂ ಆ ನಂಬರ್‌ಗೆ ಫೋನ್ ಮಾಡಿ, ಅವರು ಹೇಳಿದ ಆಪ್ ಹಾಕಿ ಕಂಪ್ಯೂಟರ್ ಒಪ್ಪಿಸಿಬಿಟ್ಟಿದ್ದರೆ ಮಾತ್ರ ವಿಷಯ ಬೇರೆ. ತಕ್ಷಣ ಇಂಟರ್ನೆಟ್ ಕಿತ್ತುಹಾಕಿ. ಬೇರೆ ಫೋನ್‌ನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಾಯಿಸಿ, ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೆಳಿಗ್ಗೆ ನೋಡೋಣ ಅನ್ನಬೇಡಿ. ಬೇಗ ತಿಳಿಸಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ.

ಪ್ರಶ್ನೆ ಕೇಳಿದವರು:

ಸರ್, ಆಡ್‌ಡಬ್ಲ್ಯೂಕ್ಲೀನರ್ ಓಡಿಸಿದೆ. ಸಂಸ್ಥೆ ಹೋಯಿತು, ಗೂಗಲ್ ಬಂತು. ಇನ್ನು ಮುಂದೆ ಬರದ ಹಾಗೆ ಆಡ್ ಬ್ಲಾಕರ್ ಹಾಕಲಾ? ಇನ್ನೊಂದು, ಈಗ ಒಂದು ಸೈಟಿನಲ್ಲಿ ದುಡ್ಡು ಕಟ್ಟಿದ ಮೇಲೆ ರಸೀದಿ ತೆರೆಯುತ್ತಿಲ್ಲ. ಗಿರಾಕಿ ಕಾಯ್ತಾ ಇದ್ದಾರೆ.

ಉತ್ತರ:

ಮೊದಲು ಗಿರಾಕಿ. ರೀಸೆಟ್ ಮಾಡಿದಾಗ ಪಾಪ್-ಅಪ್‌ಗೆ ಮುಂಚೆ ಕೊಟ್ಟಿದ್ದ ಅನುಮತಿ ಹೋಗಿದೆ. ಕೆಲವು ಸರ್ಕಾರಿ, ಬ್ಯಾಂಕ್ ಸೈಟುಗಳು ರಸೀದಿಯನ್ನು ಹೊಸ ಕಿಟಕಿಯಲ್ಲಿ ತೆರೆಯುತ್ತವೆ. ವಿಳಾಸದ ಜಾಗದ ಬಲತುದಿಯಲ್ಲಿ ಪಾಪ್-ಅಪ್ ತಡೆದಿರುವ ಸಣ್ಣ ಗುರುತು ಇರುತ್ತೆ. ಅದನ್ನು ಒತ್ತಿ ಆ ಸೈಟಿಗೆ ಮಾತ್ರ ಯಾವಾಗಲೂ ಬಿಡಿ ಅಂತ ಕೊಡಿ. ಮತ್ತೆ ದುಡ್ಡು ಕಟ್ಟಲು ಹೋಗಬೇಡಿ. ಹಿಂದೆ ಕಟ್ಟಿದ್ದರ ಪಟ್ಟಿಯಿಂದಲೇ ರಸೀದಿ ತೆಗೆಯಲು ಆಗುತ್ತಾ ನೋಡಿ.

ಆಡ್ ಬ್ಲಾಕರ್ ಹಾಕಿ, ಆದರೆ ಹೆಸರು ನೋಡಿ ಹಾಕಿ. 2017ರಲ್ಲಿ ಕ್ರೋಮ್ ಸ್ಟೋರ್‌ನಲ್ಲೇ ಆಡ್‌ಬ್ಲಾಕ್ ಪ್ಲಸ್ ಹೆಸರಿನ ನಕಲಿಯೊಂದನ್ನು 37,000 ಜನ ಹಾಕಿಕೊಂಡಿದ್ದರು. ಜಾಹೀರಾತು ತಡೆಯುತ್ತೆ ಅಂತ ತಂದಿದ್ದೇ ಜಾಹೀರಾತು ತೋರಿಸಿದರೆ ಏನು ಹೇಳೋಣ! ನಾನು ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಒರಿಜಿನ್ ಹಾಕಿಕೊಡುತ್ತೇನೆ. ಕ್ರೋಮ್ ಹಳೆಯ ಮಾದರಿಯ ಎಕ್ಸ್‌ಟೆನ್ಶನ್‌ಗಳನ್ನು ನಿಲ್ಲಿಸಿರುವುದರಿಂದ ಅಲ್ಲಿ ಅದರ ಲೈಟ್ ಆವೃತ್ತಿ ಬಳಸಬೇಕು. ಅದು ಸ್ವಲ್ಪ ಕಮ್ಮಿ ಶಕ್ತಿಯದು, ಅಂಗಡಿಗೆ ಸಾಕು. ಸರ್ಕಾರಿ ಸೈಟಿನಲ್ಲಿ ಏನಾದರೂ ಕೈಕೊಟ್ಟರೆ ಆ ಸೈಟಿಗೆ ಮಾತ್ರ ಅದನ್ನು ಆಫ್ ಮಾಡಿ. ಮತ್ತೆ, ಕೆಲಸದ ಹುಡುಗ ಬಳಸುವ ವಿಂಡೋಸ್ ಖಾತೆಯನ್ನು ಅಡ್ಮಿನ್ ಅಲ್ಲದ ಖಾತೆ ಮಾಡಿಬಿಡಿ. ಏನಾದರೂ ಇನ್‌ಸ್ಟಾಲ್ ಮಾಡಲು ಹೋದರೆ ಹೆಚ್ಚಿನ ಸಲ ನಿಮ್ಮ ಪಾಸ್‌ವರ್ಡ್ ಕೇಳುತ್ತೆ.