ಸಿಪ್ಯಾಪ್ ಯಂತ್ರದ ಮೊದಲ ವಾರ: ನಡುರಾತ್ರಿ ಮಾಸ್ಕ್ ಕಿತ್ತಿಡುವ ತಂದೆಯವರಿಗೆ ಏನು ಮಾಡಬೇಕು?

ಪ್ರಶ್ನೆ (ಶಿಡ್ಲಘಟ್ಟದಿಂದ):

ನಮಸ್ಕಾರ ಸರ್. ನಮ್ಮ ತಂದೆಯವರಿಗೆ 57 ವರ್ಷ. ಮನೆಗೆ ಹೊಂದಿಕೊಂಡೇ ರೇಷ್ಮೆ ನೂಲು ಬಿಚ್ಚುವ ಘಟಕವಿದೆ. ಹಲವು ವರ್ಷಗಳಿಂದ ಅವರಿಗೆ ಜೋರಾದ ಗೊರಕೆ, ಉಸಿರು ಕಟ್ಟಿ ಬೆಚ್ಚಿ ಏಳುವುದು, ಹಗಲಿನಲ್ಲಿ ಕುಳಿತಲ್ಲೇ ತೂಕಡಿಸುವುದು ಇತ್ತು. ಗೂಡು ಬೇಯಿಸುವ ಬಿಸಿನೀರಿನ ಮುಂದೆಯೇ ತೂಕಡಿಸಿ ಕೈ ಸುಟ್ಟುಕೊಂಡ ಮೇಲೆ ಸ್ಲೀಪ್ ಸ್ಟಡಿ (ನಿದ್ದೆಯಲ್ಲಿನ ಉಸಿರಾಟದ ಪರೀಕ್ಷೆ) ಮಾಡಿಸಿದೆವು. ಎಎಚ್‌ಐ (ನಿದ್ದೆಯಲ್ಲಿ ಗಂಟೆಗೆ ಎಷ್ಟು ಬಾರಿ ಉಸಿರು ಕಟ್ಟುತ್ತದೆ ಎಂಬ ಎಣಿಕೆ) 34 ಬಂದಿದೆ. ವೈದ್ಯರು ಆಟೋ ಸಿಪ್ಯಾಪ್ (ಒತ್ತಡವನ್ನು ತಾನೇ ಹೊಂದಿಸಿಕೊಂಡು ಮಾಸ್ಕ್ ಮೂಲಕ ಗಾಳಿ ಕೊಡುವ ಯಂತ್ರ) ಬರೆದುಕೊಟ್ಟು, ಗಾಳಿಯ ಒತ್ತಡವನ್ನು 6ರಿಂದ 14ರವರೆಗೆ ಇರಿಸಲು ಹೇಳಿದ್ದಾರೆ.

ಯಂತ್ರ ಬಂದು ಐದು ದಿನಗಳಾದವು. ತಂದುಕೊಟ್ಟವರು ಹತ್ತು ನಿಮಿಷದಲ್ಲಿ ಗುಂಡಿಗಳನ್ನು ತೋರಿಸಿ ಹೊರಟುಹೋದರು. ಮೂಗಿನ ಮಾಸ್ಕ್‌ನಿಂದ ಗಾಳಿ ಕಣ್ಣಿಗೆ ಹೊಡೆಯುತ್ತದೆಂದು ಪಟ್ಟಿಯನ್ನು ಬಿಗಿ ಮಾಡುತ್ತಲೇ ಇದ್ದೇವೆ. ಮೂಗಿನ ಮೇಲೆ ಕೆಂಪು ಗೆರೆ ಬಿದ್ದಿದೆ. ರಾತ್ರಿ ಒಂದು ಗಂಟೆಗೆಲ್ಲ ಕಿತ್ತಿಡುತ್ತಾರೆ. ಗಾಳಿಗೆ ತೇವ ಕೊಡಲು ಯಂತ್ರದಲ್ಲಿರುವ ನೀರಿನ ಡಬ್ಬಿಗೆ ಬೋರ್‌ವೆಲ್ ನೀರನ್ನು ಕುದಿಸಿ ಆರಿಸಿ ಹಾಕುತ್ತಿದ್ದೇವೆ. ಇದಕ್ಕಿಂತ ಹೆಚ್ಚಾಗಿ, ನೋಡಲು ಬಂದ ನೆಂಟರು "ಆಕ್ಸಿಜನ್ ಹಾಕುವ ಸ್ಥಿತಿ ಬಂತೇ" ಎಂದು ಕೇಳಿದ್ದರಿಂದ ಅಪ್ಪ ಬಹಳ ನೊಂದುಕೊಂಡಿದ್ದಾರೆ. ದಯವಿಟ್ಟು ದಾರಿ ತೋರಿಸಿ.

ಉತ್ತರ (ಉಸಿರಾಟ ಚಿಕಿತ್ಸಾ ತಂತ್ರಜ್ಞ, ಚಿಕ್ಕಬಳ್ಳಾಪುರ):

ನಮಸ್ಕಾರ ಮೇಡಂ. ನೆಂಟರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮನಸ್ಸು ಒಪ್ಪದಿದ್ದರೆ ಮಾಸ್ಕ್ ಮುಖದ ಮೇಲೆ ಉಳಿಯುವುದಿಲ್ಲ. ಈ ಯಂತ್ರದಲ್ಲಿ ಆಕ್ಸಿಜನ್ ಇಲ್ಲ. ಕೋಣೆಯ ಗಾಳಿಯನ್ನೇ ಒಂದು ಸಣ್ಣ ಫ್ಯಾನ್ ಎಳೆದುಕೊಂಡು ಹದವಾದ ಒತ್ತಡದಲ್ಲಿ ಮೂಗಿಗೆ ಕಳುಹಿಸುತ್ತದೆ. ನಿದ್ದೆಯಲ್ಲಿ ಗಂಟಲಿನ ಮಾಂಸಖಂಡಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಆ ದಾರಿಗೆ ಒಳಗಿನಿಂದ ಗಾಳಿಯದೇ ಆಸರೆ ಕೊಟ್ಟು ತೆರೆದಿಡುವುದಷ್ಟೇ ಇದರ ಕೆಲಸ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಅವರ ಸಂಗಡಿಗರು 1981ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ತಂದೆಯವರ ಶ್ವಾಸಕೋಶ ಸೋತಿದೆ ಎಂಬ ಅರ್ಥ ಇದಕ್ಕಿಲ್ಲ. ಎಎಚ್‌ಐ 34 ಎಂದರೆ ನಿದ್ದೆಯ ಪ್ರತಿ ಗಂಟೆಯಲ್ಲಿ ಸರಾಸರಿ 34 ಬಾರಿ ಉಸಿರು ನಿಂತಿದೆ ಅಥವಾ ಕುಗ್ಗಿದೆ ಎಂದರ್ಥ. 30 ದಾಟಿದರೆ ತೀವ್ರ ಎಂದು ಪರಿಗಣಿಸುತ್ತಾರೆ. ಇದನ್ನು ಅವರ ಮುಂದೆ ಕುಳಿತು ನಿಧಾನವಾಗಿ ಹೇಳಿ.

ಇನ್ನು ಮಾಸ್ಕ್. ನಾನು ಮನೆಗಳಿಗೆ ಹೋಗಿ ನೋಡುವ ದೂರುಗಳಲ್ಲಿ ಯಂತ್ರದ ದೋಷ ಬಹಳ ಅಪರೂಪ, ತೊಂದರೆ ಇರುವುದು ಹೆಚ್ಚಾಗಿ ಮಾಸ್ಕ್ ಕೂರುವ ರೀತಿಯಲ್ಲಿ. ನೀವು ಪಟ್ಟಿಯನ್ನು ಬಿಗಿ ಮಾಡಿದಷ್ಟೂ ಸಿಲಿಕಾನ್ ಮೆತ್ತೆ ಮಡಚಿಕೊಂಡು ಸೋರಿಕೆ ಹೆಚ್ಚುತ್ತದೆ. ಆ ಮೆತ್ತೆ ಗಾಳಿ ತುಂಬಿ ಉಬ್ಬಿ ಚರ್ಮಕ್ಕೆ ತಾಗಿ ಕೂರಬೇಕೇ ಹೊರತು ಪಟ್ಟಿಯ ಬಲದಿಂದ ಅದುಮಿಕೊಳ್ಳಬಾರದು. ಇವತ್ತು ರಾತ್ರಿ ಎಲ್ಲ ಪಟ್ಟಿಗಳನ್ನೂ ಸಡಿಲಿಸಿ, ತಂದೆಯವರನ್ನು ಅವರು ನಿಜವಾಗಿ ಮಲಗುವ ಭಂಗಿಯಲ್ಲೇ ಮಲಗಿಸಿ, ಯಂತ್ರವನ್ನು ಚಾಲೂ ಮಾಡಿದ ಮೇಲೆ ಮಾಸ್ಕನ್ನು ಮುಖದಿಂದ ಒಂದು ಬೆರಳಿನಷ್ಟು ಮೇಲೆತ್ತಿ ಮೆಲ್ಲಗೆ ಮತ್ತೆ ಕೂರಿಸಿ. ಆನಂತರ ಎಡ ಬಲ ಎರಡೂ ಕಡೆ ಸಮನಾಗಿ, ಸೋರಿಕೆ ನಿಲ್ಲುವಷ್ಟು ಮಾತ್ರ ಎಳೆಯಿರಿ. ಕುಳಿತಾಗ ಸರಿಯಾಗಿದ್ದದ್ದು ಮಲಗಿದಾಗ ಸರಿಯಾಗಿರುವುದಿಲ್ಲ, ಕೆನ್ನೆಯ ಮಾಂಸ ಪಕ್ಕಕ್ಕೆ ಸರಿಯುತ್ತದೆ. ಮಲಗುವ ಮುನ್ನ ಮುಖವನ್ನು ಸೋಪಿನಿಂದ ತೊಳೆದು ಒರೆಸಿಕೊಳ್ಳಲಿ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಹಣೆಗೆ ಇಳಿದರೂ ಮೆತ್ತೆ ಜಾರುತ್ತದೆ. ದಪ್ಪ ಮೀಸೆಯಿದ್ದು ಅದರಡಿಯಿಂದ ಗಾಳಿ ಹೋಗುತ್ತಿದ್ದರೆ ಮೀಸೆ ತೆಗೆಯುವಂತೆ ಒತ್ತಾಯಿಸಬೇಡಿ, ಮೂಗಿನ ಹೊಳ್ಳೆಗಳಿಗೆ ಮಾತ್ರ ಕೂರುವ ನೇಸಲ್ ಪಿಲ್ಲೋ ಎಂಬ ಬಗೆಯನ್ನು ಕೇಳಿ ನೋಡಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಮಾಸ್ಕ್‌ನ ಮುಂಭಾಗದ ಸಣ್ಣ ರಂಧ್ರಗಳಿಂದ ಸುಯ್ಯೆಂದು ಗಾಳಿ ಬರುತ್ತಲೇ ಇರಬೇಕು. ನಾವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುವ ದಾರಿಯದು. ಸೋರಿಕೆಯೆಂದು ತಿಳಿದು ಅದಕ್ಕೆ ಟೇಪ್ ಅಂಟಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಂದಿಗೂ ಹಾಗೆ ಮಾಡಬೇಡಿ.

ಹಗಲಿನಲ್ಲಿ ಟಿ.ವಿ. ನೋಡುತ್ತಾ ಅರ್ಧ ಗಂಟೆ ಮಾಸ್ಕ್ ಹಾಕಿಕೊಂಡು ಕುಳಿತರೆ ಉಸಿರುಗಟ್ಟುವಂತಹ ಭಯ ಕಡಿಮೆಯಾಗುತ್ತದೆ. ರ‍್ಯಾಂಪ್ ಎಂಬ ಆಯ್ಕೆಯನ್ನು ಚಾಲೂ ಮಾಡಿದರೆ ಒತ್ತಡ ಕೆಳಗಿನಿಂದ ಆರಂಭವಾಗಿ ನಿಧಾನವಾಗಿ ಏರುತ್ತದೆ. ಆದರೆ 6 ಮತ್ತು 14ರ ಮಿತಿಯನ್ನು ವೈದ್ಯರ ಮಾತಿಲ್ಲದೆ ಬದಲಿಸಬಾರದು.

ನೀರಿನ ವಿಷಯ. ನಮ್ಮ ಜಿಲ್ಲೆಯ ಆಳದ ಕೊಳವೆಬಾವಿಗಳ ನೀರು ಎಷ್ಟು ಗಡಸು ಎಂಬುದು ಪಾತ್ರೆಗಳ ತಳದ ಬಿಳಿ ಪದರವನ್ನು ನೋಡಿದವರಿಗೆ ಗೊತ್ತು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆಯೇ ವಿನಾ ಲವಣ ಪೂರ್ತಿಯಾಗಿ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ. ಔಷಧಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಕೇಳಿ ತನ್ನಿ. ವಾಹನಗಳ ಬ್ಯಾಟರಿಗೆಂದು ಮಾರುವ ನೀರನ್ನು ಬಳಸಬೇಡಿ, ಅದು ಉಸಿರಿಗೆ ಹೋಗುವ ಆವಿಗಾಗಿ ತಯಾರಾದದ್ದಲ್ಲ. ಒಂದೆರಡು ರಾತ್ರಿಯ ಮಟ್ಟಿಗೆ ಆರ್‌ಒ ನೀರನ್ನು ಕುದಿಸಿ ಆರಿಸಿ ಹಾಕಿದರೆ ನಡೆಯುತ್ತದೆ. ಪ್ರತಿ ಬೆಳಿಗ್ಗೆ ಉಳಿದ ನೀರನ್ನು ಚೆಲ್ಲಿ ಡಬ್ಬಿಯನ್ನು ಒಣಗಿಸಿ. ನೀರು ತುಂಬಿದ ಯಂತ್ರವನ್ನು ಎತ್ತಿ ಓಡಾಡಿಸಬಾರದು. ಒಳಗಿನ ಮೋಟಾರಿಗೆ ನೀರು ನುಗ್ಗುತ್ತದೆ.

ಯಂತ್ರವನ್ನು ನೆಲದ ಮೇಲಿಡದೆ, ತಲೆಯ ಮಟ್ಟಕ್ಕಿಂತ ತಗ್ಗಾದ ಸ್ಟೂಲಿನ ಮೇಲಿಡಿ. ಆಗ ಕೊಳವೆಯಲ್ಲಿ ನಿಂತ ನೀರು ಮೂಗಿನ ಕಡೆಗೆ ಹರಿಯುವುದಿಲ್ಲ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕೊಳವೆ ಗುಳುಗುಳು ಎಂದರೆ ಅದರ ಸುತ್ತ ಬಟ್ಟೆ ಸುತ್ತಿ, ಇಲ್ಲವೇ ತೇವಾಂಶವನ್ನು ಒಂದು ಹಂತ ತಗ್ಗಿಸಿ. ಘಟಕದ ಹೊಗೆ, ಧೂಳು ಬರುವ ಕೋಣೆಯಾದರೆ ಫಿಲ್ಟರನ್ನು ವಾರಕ್ಕೊಮ್ಮೆ ನೋಡಿ, ಬೂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ (ಗೌರಿಬಿದನೂರಿನಿಂದ):

ಸರ್, ರಾತ್ರಿ ಕರೆಂಟ್ ಹೋದರೆ ಮಾಸ್ಕ್ ಹಾಕಿಕೊಂಡವರಿಗೆ ಉಸಿರು ಕಟ್ಟುವುದಿಲ್ಲವೇ? ಮನೆಯ ಇನ್ವರ್ಟರ್ ಸಾಕೇ?

ಉತ್ತರ:

ಪ್ರಾಣಭಯವಿಲ್ಲ. ಮೂಗು, ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್‌ಗಳಲ್ಲಿ ಗಾಳಿ ನಿಂತ ಕೂಡಲೇ ತೆರೆದುಕೊಳ್ಳುವ ಕವಾಟವಿರುತ್ತದೆ, ಮೂಗಿನ ಮಾಸ್ಕ್ ಇದ್ದವರು ಬಾಯಿಯಿಂದ ಉಸಿರಾಡಬಹುದು. ಸಾಮಾನ್ಯವಾಗಿ ಎಚ್ಚರವಾಗುತ್ತದೆ, ಆಗ ಮಾಸ್ಕ್ ತೆಗೆದು, ಕರೆಂಟ್ ಬರುವವರೆಗೆ ಮಗ್ಗುಲಾಗಿ ಮಲಗಿದರಾಯಿತು. ಇನ್ವರ್ಟರ್ ಸೈನ್ ವೇವ್ (ಮನೆಯ ಕರೆಂಟಿನಂತೆಯೇ ವಿದ್ಯುತ್ ಕೊಡುವ) ಮಾದರಿಯದಾಗಿರಲಿ. ನೀರು ಕಾಯಿಸುವ ಭಾಗವೇ ಹೆಚ್ಚು ವಿದ್ಯುತ್ ಎಳೆಯುವುದರಿಂದ, ಅದನ್ನು ಆರಿಸಿದರೆ ಅದೇ ಬ್ಯಾಟರಿ ಬಹಳ ಹೆಚ್ಚು ಹೊತ್ತು ಬರುತ್ತದೆ.

ಮರುಪ್ರಶ್ನೆ (ಶಿಡ್ಲಘಟ್ಟದಿಂದ, ಹತ್ತು ದಿನಗಳ ನಂತರ):

ಸರ್, ತುಂಬಾ ಉಪಕಾರವಾಯಿತು. ಪಟ್ಟಿ ಸಡಿಲಿಸಿದ ರಾತ್ರಿಯೇ ಕಣ್ಣಿಗೆ ಗಾಳಿ ಹೊಡೆಯುವುದು ನಿಂತಿತು. ಈಗ ಐದು ಗಂಟೆ ಹಾಕಿಕೊಳ್ಳುತ್ತಾರೆ. ಆದರೆ ಬೆಳಿಗ್ಗೆ ಹೊಟ್ಟೆ ಉಬ್ಬರಿಸಿರುತ್ತದೆ, ಬಾಯಿ ಒಣಗಿರುತ್ತದೆ. ಗೊರಕೆ ನಿಂತಿರುವುದರಿಂದ ಇನ್ನು ಸಾಕೆಂದೂ ಅನ್ನುತ್ತಿದ್ದಾರೆ.

ಉತ್ತರ:

ಬಹಳ ಸಂತೋಷ ಮೇಡಂ, ಎರಡು ವಾರಗಳಲ್ಲಿ ಐದು ಗಂಟೆ ಎಂದರೆ ಒಳ್ಳೆಯ ಪ್ರಗತಿ. ಬಾಯಿ ಒಣಗುವುದು ನಿದ್ದೆಯಲ್ಲಿ ಬಾಯಿ ತೆರೆದು ಗಾಳಿ ಹೊರಹೋಗುವುದರ ಗುರುತು. ಮೂಗು ಕಟ್ಟಿದೆಯೇ ಎಂದು ಮೊದಲು ನೋಡಿ. ಕಟ್ಟಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ, ಇಲ್ಲದಿದ್ದರೆ ತೇವಾಂಶವನ್ನು ಒಂದು ಹಂತ ಏರಿಸಿ. ಹೊಟ್ಟೆ ಉಬ್ಬರಿಸುವುದು ಗಾಳಿ ಅನ್ನನಾಳಕ್ಕೆ ಇಳಿಯುವುದರಿಂದ. ರಾತ್ರಿ ಊಟವನ್ನು ಎರಡು ಮೂರು ಗಂಟೆ ಮುಂಚೆ ಮುಗಿಸಿ ಮಗ್ಗುಲಾಗಿ ಮಲಗಲಿ. ಆದರೂ ಕಡಿಮೆಯಾಗದಿದ್ದರೆ ಒತ್ತಡ ತಗ್ಗಿಸಬಹುದೇ ಎಂದು ವೈದ್ಯರೇ ನಿರ್ಧರಿಸಬೇಕು.

ಗೊರಕೆ ನಿಂತಿರುವುದು ಯಂತ್ರ ನಡೆಯುತ್ತಿರುವುದರಿಂದ. ತೆಗೆದಿಟ್ಟರೆ ಗಂಟಲು ಮತ್ತೆ ಮೊದಲಿನಂತೆಯೇ ಮುಚ್ಚಿಕೊಳ್ಳುತ್ತದೆ. ತೂಕ ಚೆನ್ನಾಗಿ ಇಳಿದರೆ ಮತ್ತೊಮ್ಮೆ ಸ್ಲೀಪ್ ಸ್ಟಡಿ ಮಾಡಿಸಿ ಆಮೇಲೆ ಯೋಚಿಸಬಹುದು. ಮುಂದಿನ ಭೇಟಿಗೆ ಯಂತ್ರದ ಮೆಮೊರಿ ಕಾರ್ಡನ್ನು ಜೊತೆಗೆ ಒಯ್ಯಿರಿ, ಬಳಸಿದ ಗಂಟೆಗಳು, ಸೋರಿಕೆ, ಯಂತ್ರ ಹಾಕಿಕೊಂಡಾಗಲೂ ಉಳಿದಿರುವ ಎಎಚ್‌ಐ ಎಲ್ಲವೂ ಅದರಲ್ಲಿ ದಾಖಲಾಗಿರುತ್ತವೆ. ಆ ಎಎಚ್‌ಐ 5ಕ್ಕಿಂತ ಕೆಳಗಿರಬೇಕು. ಕನಿಷ್ಠ ನಾಲ್ಕು ಗಂಟೆ ಎಂಬ ಅಳತೆಯನ್ನು ಎಲ್ಲೆಡೆ ಹೇಳುತ್ತಾರೆ, ಆದರೆ ಬೆಳಗಿನ ಜಾವದ ನಿದ್ದೆಯಲ್ಲೇ ಉಸಿರು ಹೆಚ್ಚು ಕಟ್ಟುವವರಿದ್ದಾರೆ. ಆದ್ದರಿಂದ ನಡುವೆ ಎದ್ದರೆ ಮತ್ತೆ ಹಾಕಿಕೊಂಡೇ ಮಲಗಲಿ.

ಹಗಲಿನ ತೂಕಡಿಕೆ ಪೂರ್ತಿ ಹೋಗುವವರೆಗೆ ಅವರನ್ನು ಬಿಸಿನೀರಿನ ಹತ್ತಿರ ಒಬ್ಬರನ್ನೇ ಬಿಡಬೇಡಿ. ಗೂಡು ಮಾರುಕಟ್ಟೆಗೆ ಹೋಗುವಾಗ ಸ್ಕೂಟರನ್ನು ಬೇರೆಯವರೇ ಓಡಿಸಲಿ.