ದಿನವಿಡೀ ಮೆಸೇಜ್ ಇದ್ದರೂ ಸ್ನೇಹ ಯಾಕೆ ತೆಳುವಾಗುತ್ತಿದೆ?

ಮಳೆಹನಿ:
ದೂರದಲ್ಲಿರುವ ಹಳೇ ಗೆಳತಿ ಹಾಕುವ ಫೋಟೊ, ಸ್ಟೇಟಸ್ ಎಲ್ಲಾ ನೋಡುತ್ತೇನೆ, ಲೈಕ್ ಒತ್ತುತ್ತೇನೆ, ಅವಳೂ ಹಾಗೇ. ಆದರೆ ಅವಳ ಕೆಲಸ ಹೋದದ್ದು ನನಗೆ ಗೊತ್ತಾಗಿದ್ದು ಬೇರೆಯವರಿಂದ. ತುಂಬಾ ಬೇಜಾರಾಯಿತು. ಇಂಟರ್ನೆಟ್ ನಿಜಕ್ಕೂ ನಮ್ಮನ್ನು ಹತ್ತಿರ ತರುತ್ತಿದೆಯಾ, ಇಲ್ಲ ಸುಮ್ನೆ ಹಾಗೆ ಅನ್ನಿಸುತ್ತಿದೆಯಾ?

ದಾರಿಹೋಕ:
ಎರಡೂ ಇದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಬರ್ಟ್ ಕ್ರೌಟ್ ತಂಡ 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಇಂಟರ್ನೆಟ್ ಜಾಸ್ತಿ ಬಳಸಿದವರಲ್ಲಿ ಮನೆಯವರ ಜೊತೆ ಮಾತು ಸ್ವಲ್ಪ ಕಡಿಮೆಯಾಗಿ, ಒಂಟಿತನ ಸ್ವಲ್ಪ ಹೆಚ್ಚಾಗಿತ್ತು. ಆದರೆ ಅದೇ ತಂಡ ಅದೇ ಜನರ ಬಗ್ಗೆ 2002ರಲ್ಲಿ ಮತ್ತೆ ಬರೆದಾಗ ಆ ಕೆಟ್ಟ ಪರಿಣಾಮ ಬಹುತೇಕ ಮಾಯವಾಗಿತ್ತು. ಹೊಸ ಗುಂಪೊಂದನ್ನೂ ನೋಡಿದ್ದರು, ಅಲ್ಲಿ ಜನರೊಡನೆ ಬೆರೆಯುವ ಸ್ವಭಾವದವರಿಗೆ ಲಾಭವೇ ಆಗಿತ್ತು, ಒಳಮುಖಿಗಳಿಗೆ ಮಾತ್ರ ಕೆಟ್ಟದ್ದೇ ಆಗಿತ್ತು. ನನಗಂತೂ ಇದು ದೊಡ್ಡ ವಿಷಯ.

ಸಂಜೆಗಾಳಿ:
ಸ್ಟೇಟಸ್ ಊರಿಗೆಲ್ಲ ಹೇಳುವ ಮಾತು. ಕೆಲಸ ಹೋಯಿತು, ಭಯ ಆಗುತ್ತಿದೆ ಅಂತ ಅಲ್ಲಿ ಯಾರು ಬರೆಯುತ್ತಾರೆ? ನೋಡುವವರಿಗೆ ಮಾತ್ರ ಅವರು ಚೆನ್ನಾಗಿದ್ದಾರೆ ಅನ್ನಿಸಿ, ಕೇಳುವುದೇ ನಿಂತುಹೋಗುತ್ತದೆ. ಅದಕ್ಕೇ ಫೋನ್ ಮಾಡಿ. ದನಿ ನಡುಗಿದರೆ ತಕ್ಷಣ ಗೊತ್ತಾಗುತ್ತದೆ, ಇಮೋಜಿಯಲ್ಲಿ ಗೊತ್ತಾಗಲ್ಲ.

ಕಡಲಹಕ್ಕಿ:
ಬರಹವನ್ನು ಅಷ್ಟು ತಳ್ಳಿಹಾಕಬೇಡಿ. ಎದುರಿಗೆ ಕೂತರೆ ನನಗೆ ಮಾತೇ ಹೊರಡುವುದಿಲ್ಲ, ಬರೆಯುವಾಗ ಯೋಚಿಸಿ, ಅಳಿಸಿ, ಮತ್ತೆ ಬರೆದು ಮನಸ್ಸಿನಲ್ಲಿ ಇದ್ದದ್ದನ್ನು ಹೇಳುತ್ತೇನೆ. ವಾಟ್ಸಾಪ್‌ನಲ್ಲಿ 2014ರಲ್ಲಿ ಬಂದ ಆ ನೀಲಿ ಟಿಕ್ ಮಾತ್ರ ಬೇಡವಾಗಿತ್ತು, ಓದಿಯೂ ಉತ್ತರ ಕೊಡಲಿಲ್ಲ ಅಂತ ಎಷ್ಟು ಜಗಳ! ಅದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ನಿಮ್ಮ ಗೆಳತಿಗೆ ಉದ್ದಕ್ಕೆ ಒಂದು ಪತ್ರದ ಹಾಗೆ ಬರೆಯಿರಿ.

ಮಳೆಹನಿ:
ಇವತ್ತು ರಾತ್ರಿ ಫೋನ್ ಮಾಡುತ್ತೇನೆ. ಎತ್ತದಿದ್ದರೆ ಬರೆಯುತ್ತೇನೆ.